ಇಲ್ಲದ ಅನುಮಾನಕ್ಕೆ ಎರಡು ಸಾಲು

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಬಂದು ಸೇರುವ ತಿದ್ದುಪಡಿಗಳಲ್ಲಿ ಕೆಲವು ಏನನ್ನೂ ಸೇರಿಸುವುದಿಲ್ಲ. ಹೊಸ ಸೌಲಭ್ಯವಿಲ್ಲ, ಹೆಚ್ಚಿದ ವೇಗವಿಲ್ಲ, ಮುಚ್ಚಿದ ಭದ್ರತಾ ಲೋಪವೂ ಇಲ್ಲ. ಎರಡು ಸಾಲು ಅಳಿಸುತ್ತವೆ, ಅಷ್ಟೇ. 2005ರ ನವೆಂಬರ್‌ನಲ್ಲಿ ಇಂಥದೊಂದು ದೊಡ್ಡ ಸ್ವಚ್ಛತೆ ನಡೆಯಿತು. ಡ್ರೈವರ್‌ಗಳ ತುಂಬ ಚದುರಿಹೋಗಿದ್ದ ಒಂದೇ ಬಗೆಯ ಪ್ರಶ್ನೆಯನ್ನು ಹುಡುಕಿ ಹುಡುಕಿ ತೆಗೆದರು. ಹಾರ್ಡ್ ಡಿಸ್ಕ್, ಟೇಪ್, ಸಿ.ಡಿ. ಡ್ರೈವ್‌ಗಳನ್ನು ನಡೆಸುವ ಸ್ಕಸಿ ವಿಭಾಗಕ್ಕೆಂದೇ ಅದರಲ್ಲಿ ಒಂದು ಪ್ರತ್ಯೇಕ ಪ್ಯಾಚ್ ಇತ್ತು. ಅಳಿಸಿದ ಪ್ರಶ್ನೆ ಇಷ್ಟು: "ಈ ಪಾಯಿಂಟರ್ ಖಾಲಿ ಇಲ್ಲ ತಾನೆ? ಹಾಗಾದರೆ ಇದರ ಮೆಮೊರಿಯನ್ನು ಬಿಡುಗಡೆ ಮಾಡು."

ಕೇಳಿದರೇನು ತಪ್ಪು ಎನ್ನಿಸುವುದು ಸಹಜ. ಎಚ್ಚರಿಕೆಯಿಂದ ಕೇಳಿದ ಪ್ರಶ್ನೆ ಯಾರಿಗೂ ಕೇಡು ಮಾಡುವುದಿಲ್ಲವಲ್ಲ. ಆದರೆ ಮೆಮೊರಿಯನ್ನು ಬಿಡುಗಡೆ ಮಾಡುವ ಕೆ-ಫ್ರೀ ಎಂಬ ಫಂಕ್ಷನ್‌ಗೆ ಖಾಲಿ ಪಾಯಿಂಟರ್ ಕೊಟ್ಟರೂ ಅದು ಸುಮ್ಮನೆ ವಾಪಸಾಗುತ್ತದೆ. ಖಾಲಿಯೋ ಅಲ್ಲವೋ ಎಂದು ನೋಡುವ ಕೆಲಸವನ್ನು ಅದು ತಾನೇ ಮಾಡಿಕೊಳ್ಳುತ್ತದೆ. ಕರೆಯುವವನೂ ಕೇಳಿ, ಕರೆಸಿಕೊಂಡವನೂ ಕೇಳಿದರೆ ಒಂದೇ ತಪಾಸಣೆ ಎರಡು ಸಲವಾಯಿತು. ಮೂರು ಕೋಟಿಗೂ ಹೆಚ್ಚು ಸಾಲುಗಳಿರುವ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಡ್ರೈವರ್‌ಗಳೇ ತುಂಬಿರುವ ಇಂದಿನ ಕರ್ನಲ್‌ನಲ್ಲಿ ಈ ಎರಡನೆಯ ಸಲ ಹಲವು ಕಡೆ ಸಿಗುತ್ತದೆ.

ಪಾಯಿಂಟರ್ ಎಂದರೆ ಮನೆಯಲ್ಲ, ಮನೆಯ ವಿಳಾಸ ಬರೆದ ಚೀಟಿ. ಚೀಟಿಯಲ್ಲಿ ಸೊನ್ನೆ ಬರೆದಿದ್ದರೆ ‘ಸದ್ಯಕ್ಕೆ ಯಾವ ಮನೆಯೂ ಇಲ್ಲ’ ಎಂದರ್ಥ, ಅದೇ ನಲ್. ಈ ಏರ್ಪಾಡನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗಾಗಿ ರೂಪಿಸಿದವರು ಬ್ರಿಟನ್ನಿನ ಟೋನಿ ಹೋರ್. 2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಅವರೇ ಇದನ್ನು ತಮ್ಮ ನೂರು ಕೋಟಿ ಡಾಲರ್‌ಗಳ ತಪ್ಪು ಎಂದು ಕರೆದುಕೊಂಡರು. ಸೊನ್ನೆಯ ಚೀಟಿ ಹಿಡಿದು ಹೊರಟ ಸಾಮಾನ್ಯ ಪ್ರೋಗ್ರಾಂ ತಾನೊಂದೇ ಸಾಯುತ್ತದೆ. ಕರ್ನಲ್ ಹಾಗೆ ಹೊರಟರೆ ಅದರ ಮೇಲೆ ನಿಂತ ಎಲ್ಲವೂ ಅಲುಗಾಡುತ್ತದೆ. ಆಗ ಅದು ಬರೆದಿಡುವ ‘ಊಪ್ಸ್’ ವರದಿಯಲ್ಲಿ ವಿಳಾಸ ಎಷ್ಟೋ ಸಲ ನಿಖರವಾಗಿ ಸೊನ್ನೆ ಇರುವುದಿಲ್ಲ. 8 ಎಂದೋ 40 ಎಂದೋ ಇರುತ್ತದೆ. ಸೊನ್ನೆಯಿಂದ ಅಷ್ಟು ಬೈಟ್ ಆಚೆಗಿರುವ ಯಾವುದೋ ಒಂದು ಅಂಶವನ್ನು ಓದಲು ಹೋಗಿ ಬಿದ್ದಿತು ಎಂಬ ಸುಳಿವು ಅದು. ಅನುಭವಿ ಎಂಜಿನಿಯರು ಆ ಪುಟ್ಟ ಅಂಕಿಯಿಂದಲೇ ಯಾವ ರಚನೆಯ ಯಾವ ಅಂಶ ಎಂದು ಲೆಕ್ಕ ಹಾಕಿಬಿಡುತ್ತಾರೆ.

ಇಂಥ ಪೆಟ್ಟು ತಿಂದವರು ಎಲ್ಲ ಕಡೆಯೂ ತಪಾಸಣೆ ಹಾಕತೊಡಗುವುದು ಅರ್ಥವಾಗುವಂಥದ್ದೇ. ಸ್ಟೋರೇಜ್ ಡ್ರೈವರ್ ಬರೆಯುವವರಿಗಂತೂ ಭಯ ಇನ್ನೂ ಒಂದು ಪಾಲು ಹೆಚ್ಚು. ಕೈತಪ್ಪಿದರೆ ಹೋಗುವುದು ಪರದೆಯ ಮೇಲಿನ ಚಿತ್ರವಲ್ಲ, ಜನರ ದತ್ತಾಂಶ.

ಹಾಗೆ ಕೂಡಿಬಂದ ತಪಾಸಣೆಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಒಂದು ಕಾಲಕ್ಕೆ ಬೇಕಾಗಿದ್ದವು, ಈಗ ಬೇಡವಾದವು. ಡಿಸ್ಕ್ ಡ್ರೈವರ್‌ಗಳು ಮೆಮೊರಿಯನ್ನು ಮುಂಗಡವಾಗಿ ಕಾದಿಟ್ಟುಕೊಳ್ಳುವ ‘ಮೆಮ್‌ಪೂಲ್’, ಹಾರ್ಡ್‌ವೇರ್ ನೇರವಾಗಿ ಓದಿ ಬರೆಯಲೆಂದು ಮೀಸಲಿಡುವ ‘ಡಿಎಂಎ ಪೂಲ್’ ಇವುಗಳನ್ನು ಕೆಡವುವ ಫಂಕ್ಷನ್‌ಗಳಿಗೆ ಮೊದಲೆಲ್ಲ ಖಾಲಿ ಪಾಯಿಂಟರ್ ಕೊಡುವಂತಿರಲಿಲ್ಲ. ಹಾಗಾಗಿ ಪ್ರತಿ ಡ್ರೈವರ್‌ನ ಕೊನೆಯಲ್ಲೂ ‘ಇದೆಯಾ? ಇದ್ದರೆ ಕೆಡವು’ ಎಂಬ ಸಾಲುಗಳ ಮೆರವಣಿಗೆ. 2015ರಲ್ಲಿ, 4.3ನೇ ಆವೃತ್ತಿಗೆ ಬರುವ ಹೊತ್ತಿಗೆ, ಈ ಫಂಕ್ಷನ್‌ಗಳೂ ಖಾಲಿ ಪಾಯಿಂಟರನ್ನು ಸಹಿಸುವಂತಾದವು. ತಪಾಸಣೆಯ ಹೊಣೆ ಕರೆಯುವ ನೂರಾರು ಕಡೆಗಳಿಂದ ಒಂದೇ ಕಡೆಗೆ ಹೋಯಿತು. ಹಳೆಯ ಸಾಲುಗಳು ಮಾತ್ರ ಇದ್ದಲ್ಲೇ ಉಳಿದುಕೊಂಡವು. ಅವನ್ನು ಕೀಳುವ ಕೆಲಸ ಅಲ್ಲಿಂದಾಚೆ ವರ್ಷಗಟ್ಟಲೆ ನಡೆಯಿತು.

ಇನ್ನು ಕೆಲವು ತಪಾಸಣೆಗಳು ಹುಟ್ಟಿದ್ದೇ ಅರ್ಥವಿಲ್ಲದೆ. 2014ರ ಜನವರಿಯಲ್ಲಿ 3.13ನೇ ಆವೃತ್ತಿಯೊಂದಿಗೆ ಬಂದ ಹೊಸ ಬ್ಲಾಕ್ ವ್ಯವಸ್ಥೆಯಲ್ಲಿ ಡಿಸ್ಕಿಗೆ ಹೋಗುವ ಪ್ರತಿ ಕೋರಿಕೆಯ ಬೆನ್ನಿಗೇ ಡ್ರೈವರ್‌ನ ಸ್ವಂತ ಮಾಹಿತಿಗೂ ಜಾಗ ಮೊದಲೇ ಸಿದ್ಧವಾಗಿರುತ್ತದೆ. ಆ ಜಾಗದ ವಿಳಾಸ ಸಿಗುವುದು ಬರೀ ಕೂಡಿಸುವ ಲೆಕ್ಕದಿಂದ: ಕೋರಿಕೆಯ ಜಾಗ ಮುಗಿದ ಕೂಡಲೇ ಮುಂದಿನ ಬೈಟ್. ಕೂಡಿಸಿ ಬಂದ ಉತ್ತರ ಖಾಲಿಯೇ ಎಂದು ಕೇಳುವುದರಲ್ಲಿ ಅರ್ಥವೇ ಇಲ್ಲ. ಪಟ್ಟಿಯೊಂದರ ಮೇಲೆ ಒಂದೊಂದೇ ಅಂಶವನ್ನು ಹಿಡಿದು ಸಾಗುವಾಗಲೂ ಹಾಗೆಯೇ. ಕರ್ನಲ್‌ನ ಸಾಮಾನ್ಯ ಪಟ್ಟಿಗಳು ಸುತ್ತಿ ಮತ್ತೆ ತಲೆಗೇ ಬಂದು ಸೇರುತ್ತವೆಯೇ ಹೊರತು ಖಾಲಿಯಲ್ಲಿ ಕೊನೆಗೊಳ್ಳುವುದಿಲ್ಲ. ‘ಹುಡುಕಿದ್ದು ಸಿಗಲಿಲ್ಲ’ ಎಂದು ತಿಳಿಯಲು ಲೂಪಿನ ಆಚೆ ನಲ್ ಚೆಕ್ ಹಾಕಿದವರು ಎಂದೂ ನಿಜವಾಗದ ಷರತ್ತನ್ನು ಕಾಯುತ್ತ ಕೂತಿರುತ್ತಾರೆ.

ಎಲ್ಲಕ್ಕಿಂತ ಸ್ವಾರಸ್ಯದ ಬಗೆ ಮತ್ತೊಂದಿದೆ. ಸ್ಟೋರೇಜ್ ಕೋಡ್‌ಗೆ ಅದು ತೀರಾ ಹತ್ತಿರದ ಸಂಗತಿ.

ಮೆಮೊರಿ ತುಂಬಿಹೋಗಿದೆ ಎನ್ನಿ. ಜಾಗ ಮಾಡಬೇಕಾದರೆ ಇನ್ನೂ ಡಿಸ್ಕ್ ಸೇರದೆ ಮೆಮೊರಿಯಲ್ಲೇ ಉಳಿದ ಪುಟಗಳನ್ನು ಬರೆದು ಮುಗಿಸಬೇಕು. ಬರೆಯಬೇಕಾದರೆ ಡಿಸ್ಕ್ ಡ್ರೈವರ್‌ಗೆ ಒಂದಿಷ್ಟು ಮೆಮೊರಿ ಬೇಕು. ಅದು ಇಲ್ಲವೆಂದೇ ತಾನೆ ಈ ಪರದಾಟ! ಈ ಗಂಟನ್ನು ಬಿಡಿಸಲೆಂದೇ 2001ರಲ್ಲಿ ಇಂಗೊ ಮೋಲ್ನಾರ್ ಮೆಮ್‌ಪೂಲ್ ಕೋಡ್ ಬರೆಯಲು ಶುರುಮಾಡಿದರು. ಡ್ರೈವರ್ ಆರಂಭದಲ್ಲೇ ಕೆಲವು ತುಂಡು ಮೆಮೊರಿಯನ್ನು ತೆಗೆದಿಟ್ಟುಕೊಳ್ಳುತ್ತದೆ. ಕಷ್ಟಕಾಲದಲ್ಲಿ ಅದರಿಂದ ಕೊಡುತ್ತದೆ. ಅದೂ ಮುಗಿದಿದ್ದರೆ, ಈಗಾಗಲೇ ಡಿಸ್ಕಿನತ್ತ ಹೊರಟಿರುವ ಯಾವುದಾದರೂ ಕೋರಿಕೆ ಮುಗಿದು ತನ್ನ ತುಂಡನ್ನು ಮರಳಿಸುವ ತನಕ ಕಾಯಿಸುತ್ತದೆ. ಕಾಯಿಸುತ್ತದೆಯೇ ಹೊರತು ‘ಇಲ್ಲ’ ಎನ್ನುವುದಿಲ್ಲ. ಆದ್ದರಿಂದ ಕಾಯಲು ತಯಾರಿರುವ ಕೋಡ್, ಮೆಮ್‌ಪೂಲ್‌ನಿಂದ ಬಂದದ್ದು ಖಾಲಿಯೇ ಎಂದು ನೋಡುವ ಅಗತ್ಯವಿಲ್ಲ.

ಆದರೆ ಅದೇ ಫಂಕ್ಷನನ್ನು ಇಂಟರಪ್ಟ್ ಬಂದ ಗಳಿಗೆಯಲ್ಲಿ, ಅಂದರೆ ಒಂದು ಕ್ಷಣವೂ ಮಲಗಿ ಕಾಯುವಂತಿಲ್ಲದ ಸ್ಥಿತಿಯಲ್ಲಿ ಕರೆದರೆ? ಆಗ ಅದು ಖಾಲಿ ಕೈ ತೋರಿಸಬಹುದು. ತಪಾಸಣೆ ಬೇಕೇ ಬೇಕು. ಫಂಕ್ಷನ್ ಒಂದೇ, ಕರೆಯುವ ಸಂದರ್ಭ ಬೇರೆ. ಒಂದು ಕಡೆ ಚೆಕ್ ಕಸ, ಇನ್ನೊಂದು ಕಡೆ ಪ್ರಾಣ. ಎರಡು ಸಾಲು ಅಳಿಸುವ ಮುನ್ನ ಆ ಸಾಲುಗಳನ್ನಲ್ಲ, ಅಲ್ಲಿಗೆ ಬಂದು ಸೇರುವ ದಾರಿಗಳನ್ನು ಓದಬೇಕು ಎನ್ನುವುದು ಇದಕ್ಕೇ. ಪಕ್ಕದ ಫೈಲಿನಲ್ಲಿ ಯಾರೋ ತೆಗೆದರು, ನಾವೂ ತೆಗೆಯೋಣ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ತೆಗೆಯುವ ಗೋಜಾದರೂ ಏಕೆ? ವೇಗಕ್ಕಾಗಿ ಎಂದು ಹಲವರು ತಿಳಿದಿದ್ದಾರೆ. ಅದು ದೊಡ್ಡ ಕಾರಣವಲ್ಲ. ಇಂದಿನ ಪ್ರೊಸೆಸರ್ ಯಾವಾಗಲೂ ಒಂದೇ ಕಡೆಗೆ ಹೋಗುವ ಷರತ್ತನ್ನು ಮೊದಲೇ ಊಹಿಸಿಬಿಡುತ್ತದೆ. ಒಂದು ನಲ್ ಚೆಕ್‌ನ ಬೆಲೆ ನ್ಯಾನೊಸೆಕೆಂಡಿಗೂ ಕಡಿಮೆ. ಬೆಲೆ ತೆರುವವರು ಓದುವವರು. ಡ್ರೈವರ್ ಬರೆದ ಕಂಪನಿ ಕೈ ಬದಲಾಯಿಸಿರುತ್ತದೆ, ಬರೆದವರು ಎಲ್ಲೋ ಹೋಗಿರುತ್ತಾರೆ. ಹತ್ತು ವರ್ಷದ ಮೇಲೆ ಆ ಫೈಲನ್ನು ತೆರೆದ ಹೊಸಬರಿಗೆ ‘ಇದು ಖಾಲಿ ಇದ್ದರೆ’ ಎಂಬ ಸಾಲು ಕಂಡಾಗ ಅವರು ಅದನ್ನು ಮಾಹಿತಿ ಎಂದೇ ಸ್ವೀಕರಿಸುತ್ತಾರೆ: ಓಹೋ, ಇದು ಖಾಲಿ ಇರುವ ಸಂದರ್ಭವೂ ಉಂಟು. ಆ ಸಂದರ್ಭ ಯಾವುದೆಂದು ಹುಡುಕುತ್ತ ಒಂದು ಮಧ್ಯಾಹ್ನ ಕಳೆಯುತ್ತಾರೆ. ಸಿಗದಿದ್ದಾಗ, ಇದ್ದರೂ ಇರಬಹುದೆಂದು ತಾವು ಬರೆಯುವ ಹೊಸ ಫಂಕ್ಷನ್‌ಗೂ ಅದೇ ತಪಾಸಣೆ ಅಂಟಿಸುತ್ತಾರೆ. ಅನುಮಾನ ಹೀಗೆ ಫೈಲಿನಿಂದ ಫೈಲಿಗೆ ಹಬ್ಬುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ಆಳದ್ದು. ಎಂದೂ ನಡೆಯದ ದಾರಿಯನ್ನು ಯಾರೂ ಪರೀಕ್ಷಿಸಿರುವುದಿಲ್ಲ. ‘ಖಾಲಿ ಇದ್ದರೆ ದೋಷ ಹೇಳಿ ಹಿಂದಿರುಗು’ ಎಂಬ ಸಾಲಿನಲ್ಲಿ ಹಿಡಿದ ಲಾಕ್ ಬಿಟ್ಟಿದ್ದಾರೆಯೇ, ಪಡೆದ ಮೆಮೊರಿ ಮರಳಿಸಿದ್ದಾರೆಯೇ ಎಂದು ನೋಡಿದವರಿಲ್ಲ. ಮುಂದೊಂದು ದಿನ ಯಾವುದೋ ಬದಲಾವಣೆಯಿಂದ ಆ ದಾರಿ ನಿಜಕ್ಕೂ ತೆರೆದುಕೊಂಡರೆ ಕಾವಲಿಗೆಂದು ಇಟ್ಟ ಸಾಲೇ ಕಾಲು ಹಿಡಿದು ಬೀಳಿಸುತ್ತದೆ.

ನಲ್ ಚೆಕ್ ಇದ್ದರೆ ಕ್ಷೇಮ ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಅಪ್‌ಡೇಟ್ ವಿಂಡೋಸ್ ಕಂಪ್ಯೂಟರ್‌ಗಳನ್ನು ಉರುಳಿಸಿದ್ದು ನೆನಪಿರಬಹುದು. ಮೈಕ್ರೋಸಾಫ್ಟ್‌ನ ಅಂದಾಜಿನ ಪ್ರಕಾರ 85 ಲಕ್ಷ ಯಂತ್ರಗಳು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಸಾಲುಗಳು ಬೆಳೆದವು. ಅದು ನಲ್ ಪಾಯಿಂಟರ್‌ನ ಕಥೆ ಎಂದು ಆ ದಿನವೇ ಸುದ್ದಿ ಹಬ್ಬಿತು. ಕೋಡ್ ಬಿಚ್ಚಿ ನೋಡಿದ ಭದ್ರತಾ ತಜ್ಞರು, ಅಲ್ಲಿ ನಲ್ ಚೆಕ್ ಇತ್ತು ಎಂಬುದನ್ನು ತೋರಿಸಿದರು. 20 ಅಂಶಗಳಿದ್ದ ಪಟ್ಟಿಯಲ್ಲಿ 21ನೆಯದನ್ನು ಓದಲು ಹೋಗಿದ್ದೇ ಕಾರಣವೆಂದು ಕಂಪನಿಯ ವರದಿ ಆಮೇಲೆ ಹೇಳಿತು. ಪಟ್ಟಿಯಾಚೆ ಸಿಕ್ಕ ಕಸದ ಅಂಕಿ ಸೊನ್ನೆಯಾಗಿರಲಿಲ್ಲ, ಹಾಗಾಗಿ ತಪಾಸಣೆ ಅದನ್ನು ಸಲೀಸಾಗಿ ಒಳಗೆ ಬಿಟ್ಟಿತು. ಈಗಾಗಲೇ ಬಿಡುಗಡೆಯಾದ ಮೆಮೊರಿಯನ್ನು ತೋರಿಸುತ್ತಿರುವ ಪಾಯಿಂಟರ್ ವಿಷಯದಲ್ಲೂ ಇದೇ ಪಾಡು. ಅದು ಖಾಲಿಯಲ್ಲ, ಆದರೂ ಅಪಾಯ.

ಲಿನಕ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಮತ್ತೂ ಒಂದು ತೊಡಕಿದೆ. ಅಲ್ಲಿನ ಎಷ್ಟೋ ಫಂಕ್ಷನ್‌ಗಳು ಸೋತಾಗ ಖಾಲಿ ಪಾಯಿಂಟರ್ ಕೊಡುವುದೇ ಇಲ್ಲ. ದೋಷದ ಸಂಖ್ಯೆಯನ್ನೇ ವಿಳಾಸದ ರೂಪದಲ್ಲಿ ಹಿಂದಿರುಗಿಸುತ್ತವೆ. ಮೆಮೊರಿಯ ಕಟ್ಟಕಡೆಯ 4095 ವಿಳಾಸಗಳು ಇದಕ್ಕೇ ಮೀಸಲು. ಡಿಸ್ಕಿಗೆ ಕಳಿಸುವ ಕೋರಿಕೆಯೊಂದನ್ನು ಪಡೆಯುವ ಫಂಕ್ಷನ್ 2014ರವರೆಗೆ ಸೋತರೆ ನಲ್ ಕೊಡುತ್ತಿತ್ತು. ಆ ವರ್ಷ ಅದನ್ನು ದೋಷದ ಪಾಯಿಂಟರ್ ಕೊಡುವಂತೆ ಬದಲಿಸಿದರು. ಅದರೊಂದಿಗೆ ಕರೆಯುವ ಎಲ್ಲ ಡ್ರೈವರ್‌ಗಳ ತಪಾಸಣೆಯನ್ನೂ ಬದಲಿಸಬೇಕಾಯಿತು. ಹಾಗೆ ಬದಲಿಸದೆ ಬಿಟ್ಟ ನಲ್ ಚೆಕ್ ಬರೀ ಅನಗತ್ಯವಲ್ಲ, ಕುರುಡು.

ಯಾವುದು ಅನಗತ್ಯ ಎಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ 2009ರಲ್ಲಿ ವಿಚಿತ್ರವಾದ ಉತ್ತರ ಸಿಕ್ಕಿತು. ಘಟನೆ ಸ್ಟೋರೇಜ್‌ನದಲ್ಲ, ‘ಟನ್’ ಎಂಬ ನೆಟ್‌ವರ್ಕ್ ಡ್ರೈವರ್‌ನದು. ಪಾಠ ಎಲ್ಲ ಡ್ರೈವರ್‌ಗಳಿಗೂ ತಟ್ಟಿತು. 2.6.30ನೇ ಆವೃತ್ತಿಯಲ್ಲಿ ಅದರ ಒಂದು ಫಂಕ್ಷನ್‌ನಲ್ಲಿ ಸಾಲುಗಳ ಕ್ರಮ ತಿರುವುಮುರುವಾಗಿತ್ತು: ಮೊದಲು ಪಾಯಿಂಟರ್‌ನೊಳಗಿಂದ ಒಂದು ಮೌಲ್ಯವನ್ನು ಓದಿ, ಆಮೇಲೆ ‘ಇದು ಖಾಲಿಯೇ?’ ಎಂದು ಕೇಳುತ್ತಿತ್ತು. ಸಿ ಭಾಷೆಯ ನಿಯಮದಂತೆ ಖಾಲಿ ಪಾಯಿಂಟರ್‌ನೊಳಗಿಂದ ಓದುವುದು ಅರ್ಥವೇ ಇಲ್ಲದ ಕ್ರಿಯೆ. ಆದ್ದರಿಂದ ಜಿಸಿಸಿ ಕಂಪೈಲರ್ ಹೀಗೆ ತರ್ಕಿಸಿತು: ಓದಿಯಾಗಿದೆ, ಎಂದರೆ ಖಾಲಿ ಇರಲು ಸಾಧ್ಯವಿಲ್ಲ, ಎಂದರೆ ಮುಂದಿನ ತಪಾಸಣೆ ಅನಗತ್ಯ. ಯಾರಿಗೂ ಹೇಳದೆ ಅದನ್ನು ಕಿತ್ತು ಹಾಕಿತು.

ತರ್ಕ ಸರಿ. ಫಲ ಘೋರ. ಮೂಲ ಕೋಡ್ ಓದಿದವರಿಗೆ ತಪಾಸಣೆ ಕಾಣುತ್ತಿತ್ತು, ನಡೆಯುವ ಪ್ರೋಗ್ರಾಂನಲ್ಲಿ ಅದು ಇರಲಿಲ್ಲ. ವಿಳಾಸ ಸೊನ್ನೆಯಲ್ಲೇ ಒಂದು ಮೆಮೊರಿ ಪುಟವನ್ನು ಹೂಡಿಟ್ಟು, ಈ ಬಿರುಕಿನ ಮೂಲಕ ಇಡೀ ಯಂತ್ರವನ್ನು ವಶಪಡಿಸಿಕೊಳ್ಳಬಹುದೆಂದು ಬ್ರ್ಯಾಡ್ ಸ್ಪೆಂಗ್ಲರ್ ಎಂಬ ಭದ್ರತಾ ಸಂಶೋಧಕರು ಮಾಡಿ ತೋರಿಸಿದರು. ಸಾಲುಗಳ ಕ್ರಮವನ್ನು ಸರಿಪಡಿಸಿದ್ದಲ್ಲದೆ, ಇನ್ನು ಮೇಲೆ ನಲ್ ಚೆಕ್‌ಗಳನ್ನು ನೀನಾಗಿ ಅಳಿಸಬೇಡ ಎಂದು ಕಂಪೈಲರ್‌ಗೆ ಕಟ್ಟಪ್ಪಣೆ ಮಾಡುವ ಆಯ್ಕೆಯನ್ನು ಕರ್ನಲ್ ಕಟ್ಟುವ ಕಡತಕ್ಕೇ ಸೇರಿಸಿದರು.

ಹಾಗಾಗಿ ಈ ಕೆಲಸ ಮನುಷ್ಯರಿಗೇ ಉಳಿಯಿತು, ಹುಡುಕಿಕೊಡಲು ಉಪಕರಣಗಳ ನೆರವಿನೊಂದಿಗೆ. ಫ್ರಾನ್ಸಿನ ಜೂಲಿಯಾ ಲಾವಾಲ್ ಮತ್ತು ಸಂಗಡಿಗರು ಕಟ್ಟಿದ ‘ಕಾಕ್ಸಿನೆಲ್’ ಇವುಗಳಲ್ಲಿ ಹೆಸರಾದದ್ದು. ಅಕ್ಷರಗಳನ್ನಲ್ಲ, ಕೋಡ್‌ನ ಆಕಾರವನ್ನು ಹೊಂದಿಸಿ ನೋಡುವುದು ಅದರ ಬಗೆ; ‘ಚೆಕ್ ಮಾಡಿ ಬಿಡುಗಡೆ ಮಾಡುವ’ ವಿನ್ಯಾಸವನ್ನು ಒಮ್ಮೆ ಬರೆದುಕೊಟ್ಟರೆ ಇಡೀ ಕರ್ನಲ್ ಜಾಲಾಡಿ ಎಲ್ಲಿ ಎಲ್ಲಿ ಇದೆ ಎಂದು ತೋರಿಸುತ್ತದೆ. ಕೆ-ಫ್ರೀಗೆ ಮುಂಚಿನ ತಪಾಸಣೆಗೆಂದೇ ಅದರ ಒಂದು ಸ್ಕ್ರಿಪ್ಟ್ 2014ರಿಂದ ಕರ್ನಲ್‌ನಲ್ಲೇ ಇದೆ. ‘ಸ್ಮ್ಯಾಚ್’ ಎಂಬ ಇನ್ನೊಂದು ಉಪಕರಣ ಟನ್ ಪ್ರಕರಣದಂಥ ತಲೆಕೆಳಗಾದ ಕ್ರಮವನ್ನು ಹಿಡಿಯುತ್ತದೆ: ಮೊದಲೇ ಬಳಸಿದ್ದನ್ನು ಆಮೇಲೆ ತಪಾಸಿಸಿದ್ದೀರಿ ಎಂದು ಎಚ್ಚರಿಸುತ್ತದೆ. ಆದರೆ ಆ ಎಚ್ಚರಿಕೆಗೆ ಪರಿಹಾರ ಎರಡು. ತಪಾಸಣೆಯನ್ನು ಮೇಲಕ್ಕೆ ತರಬಹುದು, ಇಲ್ಲವೇ ಪೂರ್ತಿ ತೆಗೆಯಬಹುದು. ಯಾವುದು ಸರಿ ಎಂಬುದನ್ನು ಉಪಕರಣ ಹೇಳುವುದಿಲ್ಲ.

ಉಪಕರಣ ತೋರಿಸಿದ್ದನ್ನೆಲ್ಲ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಫೋನ್‌ಗಳ ಒಳಗಿನ ಯುಎಫ್‌ಎಸ್ ಸ್ಟೋರೇಜ್‌ನ ಡ್ರೈವರ್ ಒಂದು ಸಾಕ್ಷಿ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಉದ್ದೇಶಪೂರ್ವಕ ದೋಷವಿರುವ ಪ್ಯಾಚ್‌ಗಳನ್ನು ಕಳಿಸಿ ವಿಮರ್ಶೆಯ ವ್ಯವಸ್ಥೆಯನ್ನೇ ಪರೀಕ್ಷಿಸಿದರೆಂಬ ವಿವಾದ 2021ರಲ್ಲಿ ಎದ್ದಿತು. ಆಗ ಆ ವಿಶ್ವವಿದ್ಯಾಲಯದಿಂದ ಹಿಂದೆ ಬಂದಿದ್ದ 435 ತಿದ್ದುಪಡಿಗಳನ್ನು ಮರುಪರಿಶೀಲಿಸಲಾಯಿತು. ಬಹುಪಾಲು ಸರಿಯಾಗಿಯೇ ಇದ್ದವು. 39ರಲ್ಲಿ ತಪ್ಪು ಕಂಡಿತು. ಈ ಪರಿಶೀಲನೆಯ ನಡುವೆ, ಹಾರ್ಡ್‌ವೇರ್ ರೀಸೆಟ್‌ಗೆ ಸಂಬಂಧಿಸಿ 2019ರಲ್ಲಿ ಯುಎಫ್‌ಎಸ್ ಡ್ರೈವರ್‌ಗೆ ಸೇರಿದ್ದ ಒಂದು ತಪಾಸಣೆಯನ್ನು ವಾಪಸು ತೆಗೆದರು. ಖಾಲಿ ಪಾಯಿಂಟರ್‌ನ ಅಪಾಯವಿದೆ ಎಂದು ಕೊಟ್ಟಿದ್ದ ವಿವರಣೆಯೇ ತಪ್ಪು, ಆ ದಾರಿಯಲ್ಲಿ ನಲ್ ಬರಲಾರದು ಎಂಬುದು ಕಾರಣ. ಅಲ್ಲಿಗೇ ಮುಗಿಯಲಿಲ್ಲ. ನಲ್ ಬಾರದಿದ್ದರೂ ದೋಷದ ಪಾಯಿಂಟರ್ ಬರಬಹುದಲ್ಲ! ಅದನ್ನು ಗುರುತಿಸಿ, ಸೋತಾಗ ಮಾಡಬೇಕಾದ ಸ್ವಚ್ಛತೆಯನ್ನೂ ಸೇರಿಸಿ ಬರೆದ ಮತ್ತೊಂದು ಪ್ಯಾಚ್ ಬೆನ್ನಿಗೇ ಬಂತು. ಸೇರಿಸಿ, ತೆಗೆದು, ಮತ್ತೆ ಬೇರೆ ರೂಪದಲ್ಲಿ ಸೇರಿಸಿದ ಈ ಪುಟ್ಟ ಷರತ್ತಿಗೆ ತಗುಲಿದ ಶ್ರಮ ಒಂದು ಹೊಸ ಸೌಲಭ್ಯಕ್ಕೆ ಸಾಕಾಗುತ್ತಿತ್ತೇನೋ.

ಇಂಥದ್ದನ್ನೆಲ್ಲ ಕಂಡ, ಕೋಡ್‌ನ ಹೊಣೆ ಹೊತ್ತ ಮೇಂಟೇನರ್‌ಗಳು ಸ್ವಚ್ಛತೆಯ ಪ್ಯಾಚ್‌ಗಳಿಗೆ ಬಾಗಿಲು ತೆರೆದಿಟ್ಟುಕೊಂಡು ಕೂತಿಲ್ಲ. ಅವರ ಆಕ್ಷೇಪಗಳು ನ್ಯಾಯವಾದವು. ನಿಜವಾದ ದೋಷ ತಿದ್ದುವ ಪ್ಯಾಚನ್ನು ಹಳೆಯ ಸ್ಥಿರ ಆವೃತ್ತಿಗಳಿಗೂ ಒಯ್ಯಬೇಕಾಗುತ್ತದೆ. ನಡುವೆ ಯಾರೋ ಸಾಲುಗಳನ್ನು ಸರಿಸಿಟ್ಟಿದ್ದರೆ ಅದು ಹೊಂದಿಕೊಳ್ಳುವುದಿಲ್ಲ. ಬಿಡುಗಡೆ ಮಾಡಬೇಕಾದ್ದು ಬಹುಪಾಲು ಖಾಲಿಯೇ ಇರುವಂಥ, ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಓಡುವ ಜಾಗದಲ್ಲಿ ಫಂಕ್ಷನ್ ಕರೆಯನ್ನೇ ತಪ್ಪಿಸಲು ಚೆಕ್ ಇಟ್ಟುಕೊಂಡರೆ ತಪ್ಪೇನು ಎಂಬ ವಾದವೂ ಇದೆ. ಇನ್ನು ಹಳೆಯ ಡ್ರೈವರ್‌ಗಳ ಮಾತು ಬಂದರೆ, ಪರೀಕ್ಷಿಸಲು ಆ ಕಾರ್ಡೇ ಯಾರ ಬಳಿಯೂ ಇರುವುದಿಲ್ಲ. ‘ಕಂಪೈಲ್ ಮಾಡಿ ನೋಡಿದೆ, ಅಷ್ಟೇ’ ಎಂಬ ಟಿಪ್ಪಣಿಯೊಂದಿಗೆ ಬಂದ ಬದಲಾವಣೆಯನ್ನು ಜನರ ಡಿಸ್ಕುಗಳ ಮೇಲೆ ಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ.

ತೆಗೆಯಲೇಬಾರದ ತಪಾಸಣೆಗಳಿಗೂ ಕೊರತೆಯಿಲ್ಲ. ಯುಎಸ್‌ಬಿ ಡಿಸ್ಕನ್ನು ಬಳಕೆದಾರ ಬರೆಯುತ್ತಿರುವಾಗಲೇ ಕಿತ್ತುಕೊಳ್ಳುತ್ತಾನೆ. ಪಿಸಿಐ ಕಾರ್ಡ್ ಇದ್ದಕ್ಕಿದ್ದಂತೆ ಮಾಯವಾದರೆ ಅದರಿಂದ ಓದಿದ ಪ್ರತಿ ಬಿಟ್ಟೂ 1 ಆಗಿಯೇ ಬರುತ್ತದೆ. ಹೊರಗಿನ ಲೋಕ ಕೊಡುವ ಯಾವುದನ್ನೂ ನಂಬುವಂತಿಲ್ಲ. ಆದರೆ ಡ್ರೈವರನ್ನು ತೆಗೆಯುವಾಗ ಕರೆಯುವ ‘ರಿಮೂವ್’ ಫಂಕ್ಷನ್, ಆರಂಭದ ‘ಪ್ರೋಬ್’ ಯಶಸ್ವಿಯಾದರೆ ಮಾತ್ರ ನಡೆಯುತ್ತದೆ. ಅಲ್ಲಿ ಇಟ್ಟದ್ದು ಇಲ್ಲಿ ಇದ್ದೇ ಇರುತ್ತದೆ ಎಂದು ಕರ್ನಲ್ಲೇ ಮಾತು ಕೊಟ್ಟಿರುವಾಗ ಮತ್ತೆ ಕೇಳುವುದು ಆ ಮಾತನ್ನು ಓದಿಲ್ಲ ಎಂದು ತೋರಿಸಿಕೊಂಡಂತೆ.

2022ರ ಡಿಸೆಂಬರ್‌ನಲ್ಲಿ 6.1ನೇ ಆವೃತ್ತಿಯೊಂದಿಗೆ ಕರ್ನಲ್‌ಗೆ ಕಾಲಿಟ್ಟ ರಸ್ಟ್ ಭಾಷೆ ಈ ಜಗಳವನ್ನು ಬೇರೆ ರೀತಿಯಲ್ಲಿ ಇತ್ಯರ್ಥ ಮಾಡುತ್ತದೆ. ಅಲ್ಲಿ ಸಾಮಾನ್ಯ ರೆಫರೆನ್ಸ್ ಖಾಲಿ ಇರಲಾರದು. ಇರಬಹುದು ಎಂದಾದರೆ ‘ಆಪ್ಷನ್’ ಎಂದು ಘೋಷಿಸಿಯೇ ಬರೆಯಬೇಕು, ಬಿಡಿಸಿ ನೋಡದೆ ಒಳಗಿನದನ್ನು ಮುಟ್ಟಲು ಕಂಪೈಲರ್ ಬಿಡುವುದಿಲ್ಲ. ಖಾಲಿ ಇರಬಹುದೇ ಎಂಬ ಪ್ರಶ್ನೆಗೆ ಉತ್ತರ ಬರೆದವರ ತಲೆಯಲ್ಲಿ ಉಳಿಯದೆ ಕೋಡಿನಲ್ಲೇ ದಾಖಲಾಗಿರುತ್ತದೆ. 2024ರಲ್ಲಿ 6.11ನೇ ಆವೃತ್ತಿಗೆ ಸೇರಿದ ರಸ್ಟ್‌ನ ಮೊದಲ ಬ್ಲಾಕ್ ಡ್ರೈವರ್ ಯಾವ ದತ್ತಾಂಶವನ್ನೂ ಉಳಿಸಿಕೊಳ್ಳದ, ಪರೀಕ್ಷೆಗೆಂದೇ ಇರುವ ಹುಸಿ ಡಿಸ್ಕಿನದು. ನಿಜವಾದ ಡಿಸ್ಕುಗಳ ಡ್ರೈವರ್‌ಗಳು ಇಂದಿಗೂ ಬಹುತೇಕ ಸಿ ಭಾಷೆಯಲ್ಲೇ ಇವೆ. 1990ರ ದಶಕದ ಅಡಾಪ್ಟೆಕ್ ಕಾರ್ಡುಗಳದ್ದೂ ಅವುಗಳ ನಡುವೆ ಉಳಿದಿದೆ. ಅವುಗಳ ಮೇಲೆ ಕೈಯಾಡಿಸುವವರಲ್ಲಿ ಬೆಂಗಳೂರಿನಲ್ಲಿ ಕೂತವರೂ ಇದ್ದಾರೆ. ಸ್ಯಾಮ್‌ಸಂಗ್‌ನ ಇಲ್ಲಿನ ಸಂಶೋಧನಾ ಕೇಂದ್ರದಿಂದ ಎನ್‌ವಿಎಂಇ ಡಿಸ್ಕುಗಳ ಲಿನಕ್ಸ್ ಕೋಡ್‌ಗೆ ಕೆಲಸ ಹೋಗುತ್ತಲೇ ಇದೆ. ನಲ್ ಚೆಕ್ ತೆಗೆಯುವ ಪ್ಯಾಚ್ ಎಲ್ಲಿಂದ ಬಂದರೂ ರಿವ್ಯೂ ಮಾಡುವವರು ಮೊದಲು ಕೇಳುವುದು ಒಂದೇ: ಈ ಫಂಕ್ಷನನ್ನು ಯಾರು ಯಾರು ಕರೆಯುತ್ತಾರೆ, ಪ್ರತಿಯೊಬ್ಬರನ್ನೂ ನೋಡಿದಿರಾ? ಉತ್ತರವನ್ನು ಪ್ಯಾಚ್‌ನ ವಿವರಣೆಯಲ್ಲೇ ಬರೆಯಬೇಕು. ಎಷ್ಟೋ ಸಲ ಅಳಿಸಿದ್ದು ಎರಡು ಸಾಲು, ವಿವರಣೆ ಹತ್ತು ಸಾಲು ಆಗಿರುತ್ತದೆ.